ಮಗಳು ನೆಲಕ್ಕೆ ಕಾಲಿಡದ ನಾಲ್ಕು ತಿಂಗಳು

ಆ ದಿನದ ಬಗ್ಗೆ ನನ್ನ ದಿನಚರಿಯಲ್ಲಿ ಇರುವುದು ಮೂರೇ ವಾಕ್ಯ. “ಮಧ್ಯಾಹ್ನ ಏರ್‌ಬ್ಲಾಸ್ಟ್. ಅಡುಗೆಮನೆಯ ನಾಲ್ಕು ಹೆಂಚು ಜಾರಿ ಬಿದ್ದವು. ಮಗುವಿಗೆ ಏನೂ ಆಗಿಲ್ಲ.” ಮೂರನೆಯದನ್ನು ಯಾವ ಧೈರ್ಯದಿಂದ ಬರೆದೆನೋ ಕಾಣೆ. ಮಗಳ ತಲೆ, ಕೈಕಾಲು ತಡವಿ ನೋಡಿರಬೇಕು. ಗಾಯ ಕಾಣಲಿಲ್ಲ, ಬರೆದುಬಿಟ್ಟೆ.

ನೆನಪನ್ನು ಕೇಳಿದರೆ ಅದು ಬೇರೆಯೇ ಹೇಳುತ್ತದೆ. ನಾನು ಮನೆಯಲ್ಲೇ ಇದ್ದೆ, ನೆಲ ಅದುರಿದ ಕೂಡಲೇ ಓಡಿಹೋಗಿ ಮಗಳನ್ನು ಎತ್ತಿಕೊಂಡೆ, ಅವಳ ಎದೆ ನನ್ನ ಎದೆಗೆ ಬಡಿಯುತ್ತಿತ್ತು ಎಂದೆಲ್ಲ. ಆದರೆ ಅಂದು ಶಾಲೆ ಇತ್ತು. ನಾನು ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಎತ್ತಿಕೊಂಡವಳು ನನ್ನ ಹೆಂಡತಿ. ಅವಳು ಅಷ್ಟು ಸಲ ಹೇಳಿ ಹೇಳಿ ಆ ಎದೆಬಡಿತ ನನ್ನದಾಗಿಹೋಗಿದೆ. ಹಾಗಾಗಿ ಇಲ್ಲಿ ಬರೆಯುವುದನ್ನು ದಿನಚರಿಯ ಜೊತೆಗೂ ಹೆಂಡತಿಯ ಜೊತೆಗೂ ತಾಳೆ ನೋಡಿಕೊಂಡು ಬರೆಯುತ್ತಿದ್ದೇನೆ. ತಾಳೆಯಾಗದ ಕಡೆ ಹಾಗೆಂದು ಹೇಳಿಬಿಡುತ್ತೇನೆ.

ಮೊನ್ನೆ ಮುಗಿದ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಬಿ.ಎ. ಮುಗಿಸಿ ಮೇಷ್ಟ್ರಾಗಿ ಬಂದ ನಾನು ಚಿನ್ನದ ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ಬಾಡಿಗೆಗಿದ್ದೆ. ಮನೆಯಲ್ಲಿ ಹೆಂಡತಿ, ಏಳು ವರ್ಷದ ಮಗಳು, ಮತ್ತು ಬೂದಿಕೋಟೆಯ ಹತ್ತಿರದ ನಮ್ಮ ಹಳ್ಳಿಯಿಂದ ಬಂದು ಹೋಗಿ ಮಾಡುತ್ತಿದ್ದ ನನ್ನ ಅವ್ವ. ಪಕ್ಕದಲ್ಲಿ, ಗೋಡೆಗೆ ಗೋಡೆ ಅಂಟಿಕೊಂಡು, ಒಂದು ತಮಿಳು ಸಂಸಾರ. ಗಂಡ ಗಣಿಯೊಳಗೆ ಇಳಿದು ಕೆಲಸ ಮಾಡುವವನು. ಅವರಿಗೆ ಮಕ್ಕಳಿರಲಿಲ್ಲ. ನಮ್ಮ ಮಗಳಿಗೆ ಅವನು ಮಾಮ, ಅವಳು ಅತ್ತೆ. ಅವನು ಕೆಲಸ ಮುಗಿಸಿ ಬಂದು, ಮಿಂದು, ಜಗಲಿಯ ಮೇಲೆ ಕೂತನೆಂದರೆ ಇವಳು ಅವನ ತೊಡೆಯ ಮೇಲೆ.

ಗಣಿಯ ಊರಿನಲ್ಲಿ ಇದ್ದು ಗೊತ್ತಿಲ್ಲದವರಿಗೆ ಏರ್‌ಬ್ಲಾಸ್ಟ್ ಎಂದರೇನೆಂದು ಹೇಳಬೇಕು. ಬಹಳ ಆಳದಲ್ಲಿ, ಕಲ್ಲು ತೆಗೆದು ಪೊಳ್ಳಾದ ಕಡೆ, ಉಳಿದ ಕಲ್ಲು ಮೇಲಿನ ಭಾರ ತಾಳದೆ ಒಮ್ಮೆಗೇ ಸಿಡಿಯುತ್ತದೆ. ಮೇಲಿರುವ ನಮಗೆ ನೆಲ ಒಂದು ಸಲ ಎಗರಿದಂತಾಗುತ್ತದೆ, ಗೂಡಿನಲ್ಲಿಟ್ಟ ಪಾತ್ರೆ ಬೀಳುತ್ತವೆ, ಆಮೇಲೆ ಎಲ್ಲ ಸುಮ್ಮನೆ. ಆ ಸುಮ್ಮನೆಯ ಹೊತ್ತಿನಲ್ಲಿ ಬೀದಿಯ ಹೆಂಗಸರೆಲ್ಲ ಹೊರಗೆ ಬಂದು ಗಣಿಗೆ ಇಳಿಯುವ ಶಾಫ್ಟಿನ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಕೆಳಗಿಳಿದವರು ಮೇಲೆ ಬಂದ ಸುದ್ದಿ ಮುಟ್ಟುವವರೆಗೆ ನಮ್ಮ ಬೀದಿಯಲ್ಲಿ ಯಾರೂ ಒಲೆ ಹಚ್ಚುತ್ತಿರಲಿಲ್ಲ. ಗಣಿಗೆ ಸಂಬಂಧವಿಲ್ಲದ ನಮ್ಮ ಮನೆಯಲ್ಲೂ ಹಚ್ಚುತ್ತಿರಲಿಲ್ಲ.

ಅಂದು ಪಕ್ಕದ ಮನೆಯವನು ಮೇಲೆ ಬರಲಿಲ್ಲ. ಮಾರನೆಯ ದಿನ ಹೆಣ ಬಂತು.

ನಮ್ಮ ಬೀದಿಯಲ್ಲಿ ಇನ್ನೊಂದು ರೂಢಿಯೂ ಇತ್ತು. ಕೆಳಗೆ ಸತ್ತವರ ವಿಷಯ ಚಿಕ್ಕ ಮಕ್ಕಳಿಗೆ ಹೇಳುತ್ತಿರಲಿಲ್ಲ. ಹೆಣ ತರುವ ಹೊತ್ತಿಗೆ ಮಕ್ಕಳನ್ನು ಬೇರೆ ಬೀದಿಗೆ ಸಾಗಿಸಿ, ಆಮೇಲೆ ಕೇಳಿದರೆ ಊರಿಗೆ ಹೋಗಿದ್ದಾನೆ ಎನ್ನುತ್ತಿದ್ದರು. ಆ ಮಕ್ಕಳಲ್ಲಿ ಎಷ್ಟೋ ಮಂದಿ ಮುಂದೆ ಅದೇ ಶಾಫ್ಟಿಗೆ ಇಳಿಯಬೇಕಾದವರು, ಈಗಲೇ ಹೆದರಿಸುವುದೇಕೆ ಎಂದಿರಬೇಕು. ನಮ್ಮ ಮಗಳನ್ನೂ ಹಾಗೆಯೇ ಸಾಗಿಸಿದೆವು. ವಾಪಸು ಬಂದವಳು “ಮಾಮ ಎಲ್ಲಿ?” ಎಂದಳು.

“ಊರ್ಗೋಗವ್ರೆ,” ಎಂದಳು ನನ್ನ ಹೆಂಡತಿ.

ಮಗಳು ಮತ್ತೆ ಕೇಳಲಿಲ್ಲ. ನಂಬಿದಳು ಎಂದುಕೊಂಡೆವು.

ಅವಳು ಕೇಳಿದ್ದು ಬೇರೊಂದು. ನೆಲ ಯಾಕೆ ಎಗರಿತು? “ಭೂಮ್ತಾಯಿ ಮಗ್ಗಲು ತಿರುಗಿದ್ಲು ಕಣವ್ವಾ, ಮಲಗಿ ಮಲಗಿ ಬೇಜಾರಾಗಿತ್ತು,” ಎಂದಳು ನನ್ನ ಅವ್ವ. ನನಗೆ ತಡೆಯಲಿಲ್ಲ. ಮಗುವಿನ ತಲೆಯಲ್ಲಿ ಇಂಥದ್ದೆಲ್ಲ ತುಂಬಬೇಡ ಎಂದು ಸ್ಲೇಟು ತೆಗೆದುಕೊಂಡು ಚಿತ್ರ ಬರೆದು ತೋರಿಸಿದೆ. ಮೇಲೆ ನಮ್ಮ ಮನೆ. ಅದರ ಕೆಳಗೆ ಒಂದರ ಕೆಳಗೊಂದು ಸುರಂಗ. ಸುರಂಗದಲ್ಲಿ ದೀಪ ಹಿಡಿದ ಮನುಷ್ಯರು. ಈ ಪಾಠ ದಿನಚರಿಯಲ್ಲಿದೆ, ಸ್ವಲ್ಪ ಹೆಮ್ಮೆಯಿಂದಲೇ ಇದೆ: “ಮಗುವಿಗೆ ಭೂಗರ್ಭದ ವಿಷಯ ತಿಳಿಸಿದೆ. ಚೆನ್ನಾಗಿ ಗ್ರಹಿಸಿದಳು.”

ಅದಾದ ಮೂರನೆಯ ದಿನ ಮಗಳು ಮಂಚದಿಂದ ಇಳಿಯಲಿಲ್ಲ.

ಜ್ವರವಿರಲಿಲ್ಲ. ಊಟ ಮಾಡುತ್ತಿದ್ದಳು, ಕರೆದರೆ ಓಗೊಡುತ್ತಿದ್ದಳು. ನೆಲದ ಹತ್ತಿರ ಇಳಿಸಲು ಹೋದರೆ ಮಾತ್ರ ಎರಡೂ ಕಾಲು ಮಡಚಿ ಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದಳು.

“ಕಾಲು ನೋಯ್ತೈತಾ?”

“ಇಲ್ಲ.”

“ಮತ್ಯಾಕೆ ಇಳಿಯಲ್ಲ?”

“ಬ್ಯಾಡ.”

ಒಂದು ವಾರ ಹೀಗೆಯೇ ನಡೆಯಿತು. ಹೆಂಡತಿ ಬಚ್ಚಲಿಗೂ ಹಿತ್ತಲಿಗೂ ಅವಳನ್ನು ಹೊತ್ತುಕೊಂಡೇ ಹೋಗುತ್ತಿದ್ದಳು. ಏಳು ವರ್ಷದ ಮಗುವನ್ನು ದಿನವಿಡೀ ಹೊರುವುದು ಸುಲಭವಲ್ಲ. ಸೊಂಟ ಹಿಡಿದುಕೊಂಡು ನನ್ನ ಮೇಲೆ ರೇಗುತ್ತಿದ್ದಳು: “ಬರ್ಕಳ್ಳಿ, ಬರ್ಕಳ್ಳಿ. ಬರೆದ್ರೆ ಮಗು ನಡೀತದಾ?”

ಮೊದಲು ಗೆದ್ದವಳು ಅವ್ವ. ನಮ್ಮ ಹಳ್ಳಿಯಲ್ಲಿ ದೇವರು ಮೈಮೇಲೆ ಬರುವ ಒಬ್ಬ ಮುದುಕಿ ಇದ್ದಳು. ಮಗುವಿಗೆ ಗಾಳಿ ಸೋಕಿದೆ, ಅವಳ ಹತ್ತಿರ ಕರೆದೊಯ್ಯಬೇಕು ಎಂದು ಅವ್ವನ ಹಟ. ನಾನು ಬೇಡವೆಂದೆ.

“ನೀನು ಓದಿರೋದು ಎಲ್ಲಾ ಬೂಕುಗಳಾಗೆ ಐತೆ ಕಣ್ಲಾ, ನಿನ್ನ ಮಗಳ ಕಾಲು ಯಾವ ಬೂಕಾಗೆ ಐತೆ, ತೋರ್ಸು ನೋಡನ,” ಎಂದಳು ಅವ್ವ. ರೈಲಿನಲ್ಲಿ ಬಂಗಾರಪೇಟೆಗೆ ಹೋಗಿ ಅಲ್ಲಿಂದ ಗಾಡಿ ಮಾಡಿ ಅವ್ವನನ್ನೂ ಮಗಳನ್ನೂ ಹಳ್ಳಿಗೆ ಬಿಟ್ಟು ಬಂದೆ. ಹೆಂಡತಿ ಆಂಡರ್ಸನ್‌ಪೇಟೆಯಲ್ಲೇ ಉಳಿದಳು. ಗಂಡ ಸತ್ತ ಪಕ್ಕದ ಮನೆಯ ಹೆಂಗಸಿಗೆ ಹಗಲಲ್ಲಿ ಜೊತೆಗಿರಲು ಬೇರೆ ಯಾರೂ ಇರಲಿಲ್ಲ.

ಆ ಮುದುಕಿಯ ಬಗ್ಗೆ ಕೆಟ್ಟದ್ದು ಬರೆಯಲು ನನಗೆ ಕಾರಣವಿಲ್ಲ. ಅವಳು ಮಗುವನ್ನು ಹೊಡೆಯಲಿಲ್ಲ, ಹೆದರಿಸಲಿಲ್ಲ. ತೋಳಿಗೆ ಒಂದು ದಾರ ಕಟ್ಟಿ, ಒಂಬತ್ತು ದಿನ ಊರಲ್ಲಿರಲಿ ಎಂದಳಂತೆ. ಒಂಬತ್ತು ದಿನ ಕಳೆದು ನಾನು ಹೋದಾಗ ಮಧ್ಯಾಹ್ನ. ಮಗಳು ಅವ್ವನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

“ನಡುದ್ಲು ಕಣ್ಲಾ!” ಎಂದಳು ಅವ್ವ. “ಬಂಡೆ ಮ್ಯಾಲೆ ಕುಣ್ಕಂಡು ಆಡುದ್ಲು. ಎಲ್ಲಾ ಆ ತಾಯಿ ಕೃಪೆ.”

ನಿದ್ದೆಯಲ್ಲಿದ್ದ ಮಗುವನ್ನು ಹಾಗೆಯೇ ಎತ್ತಿ ಗಾಡಿಯಲ್ಲಿ ಮಲಗಿಸಿದೆ. ಬಂಗಾರಪೇಟೆಯಲ್ಲಿ ಎತ್ತಿಕೊಂಡು ರೈಲು ಹತ್ತಿದೆ. ಆಂಡರ್ಸನ್‌ಪೇಟೆಯ ಮನೆಯ ಬಾಗಿಲಲ್ಲಿ ಇಳಿಸಲು ಹೋದೆ. ಕಾಲು ಮಡಚಿಕೊಂಡಳು.

ಮುಂದಿನ ವಾರ ಅವ್ವ ಬಂದಾಗ ನಾನು ಬಹಳ ಒರಟಾಗಿ ಮಾತಾಡಿದೆ. ನಿನ್ನ ದೇವರ ಮರ್ಯಾದೆ ಉಳಿಸಲು ಸುಳ್ಳು ಹೇಳಬೇಡ ಎಂದೆ. ಅವ್ವ ಏನೆಂದಳು ಎಂದು ನನಗೆ ನೆನಪಿಲ್ಲ. ಹೆಂಡತಿ ಹೇಳುವಂತೆ ಏನೂ ಅನ್ನಲಿಲ್ಲ, ಹೊರಗೆ ಹೋಗಿ ಜಗಲಿಯ ಮೇಲೆ ಕೂತಳು. ಅವ್ವ ಹೇಳಿದ್ದು ಒಂದು ಸಂಗತಿ, ಅದಕ್ಕೆ ಕೊಟ್ಟ ಕಾರಣ ಇನ್ನೊಂದು. ಕಾರಣ ನನಗೆ ಒಪ್ಪಿಗೆಯಾಗಲಿಲ್ಲವೆಂದು ಸಂಗತಿಯನ್ನೂ ಕಿತ್ತು ಎಸೆದೆ. ದಿನಚರಿಯಲ್ಲಿ ಆ ಒಂಬತ್ತು ದಿನಗಳ ಬಗ್ಗೆ “ಪ್ರಯೋಜನವಾಗಲಿಲ್ಲ” ಎಂದಷ್ಟೇ ಇದೆ.

ಆಮೇಲೆ ಆಂಡರ್ಸನ್‌ಪೇಟೆಯ ಒಬ್ಬ ಡಾಕ್ಟರು. ನನ್ನ ಆಯ್ಕೆ. ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು, ಅಂಗಾಲಿಗೆ ಗೀರಿದರು, ಕಾಲಿನಲ್ಲಿ ಏನೂ ದೋಷವಿಲ್ಲ ಎಂದರು. ಅದು ನಿಜವೇ. “ಹಟ, ಮೇಷ್ಟ್ರೇ. ಮುದ್ದು ಹೆಚ್ಚಾಗಿದೆ. ಒಂದು ಸಲ ನಿಂತುಬಿಟ್ಟರೆ ಭಯ ಬಿಡುತ್ತದೆ. ಹಿಡಿದು ನಿಲ್ಲಿಸಿ. ಇನ್ನೆರಡು ತಿಂಗಳು ಹೀಗೇ ಕೂತರೆ ಮಾಂಸಖಂಡ ಕರಗಿ ಹೋಗುತ್ತದೆ, ಆಮೇಲೆ ನಡೆಯಬೇಕೆಂದರೂ ಆಗುವುದಿಲ್ಲ.”

ಕೊನೆಯ ಮಾತಿಗೆ ನಾನು ಒಪ್ಪಿಬಿಟ್ಟೆ. ಅಷ್ಟರಲ್ಲಾಗಲೇ ಮಗಳ ಮೀನಖಂಡ ಸೊರಗಿ ನನ್ನ ಹಿಡಿಯೊಳಗೆ ಬರುವಷ್ಟಾಗಿತ್ತು. ಡಾಕ್ಟರು ಒಂದು ತೋಳು ಹಿಡಿದರು, ನಾನು ಇನ್ನೊಂದು ತೋಳು ಹಿಡಿದೆ. ಪಾದ ನೆಲಕ್ಕೆ ತಾಗಿದ ಕೂಡಲೇ ಅವಳು ಕಿರುಚಿದ ರೀತಿಯನ್ನು ಬರೆಯಲಾರೆ. ಉಚ್ಚೆ ಹೊಯ್ದುಕೊಂಡಳು. ಈಗ ಹದಿನಾರು ವರ್ಷದವಳಾದ ಮಗಳನ್ನು ಕೇಳಿದರೆ ಅದು ತನಗೆ ನೆನಪೇ ಇಲ್ಲ ಎನ್ನುತ್ತಾಳೆ. ನನಗಾಗಿ ಹಾಗೆ ಹೇಳುತ್ತಾಳೋ ಏನೋ. ಆ ಡಾಕ್ಟರು ಕೆಟ್ಟವರಲ್ಲ. ಅವರ ಜಗಲಿಯ ತುಂಬ ಕೆಮ್ಮುವವರು ಕೂತಿದ್ದರು, ಪ್ರತಿಯೊಬ್ಬರಿಗೂ ಅವರು ಕೊಡಬಹುದಾದದ್ದು ನಾಲ್ಕು ನಿಮಿಷ. ನನ್ನ ಮಗಳಿಗೆ ಬೇಕಾಗಿದ್ದದ್ದು ನಾಲ್ಕು ನಿಮಿಷದ ಡಾಕ್ಟರಲ್ಲ ಎಂಬುದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಅಂದಿನಿಂದ ಮಗಳು ನನ್ನ ಹತ್ತಿರ ಎತ್ತಿಸಿಕೊಳ್ಳುವುದನ್ನು ಬಿಟ್ಟಳು. ಅಮ್ಮ ಮಾತ್ರ ಎತ್ತಿಕೊಳ್ಳಬೇಕು.

ಬೆಂಗಳೂರಿನಲ್ಲಿ ಮನಸ್ಸಿನ ರೋಗಗಳಿಗೆಂದೇ ಇರುವ ಆಸ್ಪತ್ರೆಯ ವಿಷಯ ನಾನು ಮನೆಯಲ್ಲಿ ಎತ್ತಿದಾಗ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದಳು. “ಹುಚ್ಚಾಸ್ಪತ್ರೆಗಾ? ನನ್ನ ಮಗಳ್ನಾ? ನಾಳೆ ಅವಳ್ನ ಯಾರು ತಂದ್ಕಂತಾರೆ?” ನಮ್ಮ ಕಡೆ ‘ತಂದುಕೊಳ್ಳುವುದು’ ಎಂದರೆ ಸೊಸೆಯಾಗಿ ಮಾಡಿಕೊಳ್ಳುವುದು. ಏಳು ವರ್ಷದ ಮಗುವಿನ ಬಗ್ಗೆ ಆ ಮಾತು ಬಂದದ್ದಕ್ಕೆ ನಾನು ನಗಬಹುದಿತ್ತು. ನಗಲಿಲ್ಲ, ಏಕೆಂದರೆ ನನಗೂ ಅದೇ ಯೋಚನೆ ಬಂದಿತ್ತು. ಮೊದಲು ಒಬ್ಬನೇ ಹೋಗಿ ಕೇಳಿಕೊಂಡು ಬರುತ್ತೇನೆ ಎಂದೆ. ಶಾಲೆಯಲ್ಲಿ ಸಂಬಂಧಿಕರ ಮನೆಯ ಕೆಲಸವೆಂದು ರಜೆ ಪಡೆದೆ.

ಅಲ್ಲಿ ನಾನು ಕಂಡ ಡಾಕ್ಟರು ನಡುವಯಸ್ಸಿನವರು, ಮೆಲ್ಲಗೆ ಮಾತಾಡುವವರು. ನಾನು ಎಲ್ಲವನ್ನೂ ಬರೆದುಕೊಂಡು ಹೋಗಿದ್ದೆ, ಹನ್ನೊಂದು ಪುಟ. ಅವರು ಪೂರ್ತಿ ಓದಿದರು. ಓದುವಷ್ಟು ಹೊತ್ತೂ ನಾನು ಒಳ್ಳೆಯ ಪ್ರಬಂಧ ಬರೆದ ವಿದ್ಯಾರ್ಥಿಯಂತೆ ಅವರ ಮುಖ ನೋಡುತ್ತಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ.

“ಚೆನ್ನಾಗಿ ಬರೆದಿದ್ದೀರಿ,” ಎಂದರು. “ಆದರೆ ಇದರಲ್ಲಿ ಹುಡುಗಿಯ ಮಾತು ಒಂದೇ ಇದೆ. ಬೇಡ ಅನ್ನೋದು.”

ಹನ್ನೊಂದು ಪುಟಗಳನ್ನೂ ಮಡಚಿ ನನಗೆ ವಾಪಸು ಕೊಟ್ಟರು.

“ಇಲ್ಲಿ ತಂದು ಬಿಡಬೇಡಿ. ನಮ್ಮಲ್ಲಿ ಮಕ್ಕಳಿಗೆ ಬೇರೆ ಜಾಗ ಇಲ್ಲ. ತಾಯಿಯನ್ನು ಬಿಟ್ಟು ಇಲ್ಲಿ ಮಲಗಿದರೆ ಇನ್ನೂ ಮುದುಡಿಕೊಳ್ಳುತ್ತಾಳೆ. ನಿಮಗೆ ಹತ್ತಿರದಲ್ಲಿ ಯಾರಾದರೂ ಬೇಕು, ವಾರ ವಾರ ಹೋಗುವ ಹಾಗೆ.”

“ಸರಿಯಾದ ಡಾಕ್ಟರು ಅಂತ ನನಗೆ ಹೇಗೆ ಗೊತ್ತಾಗಬೇಕು ಸಾರ್? ಈಗಾಗಲೇ ಎರಡು ಸಲ ತಪ್ಪಿದ್ದೇನೆ.”

“ನಿಮ್ಮ ಹತ್ತಿರ ಮಾತಾಡುವುದಕ್ಕಿಂತ ಹುಡುಗಿಯ ಹತ್ತಿರ ಹೆಚ್ಚು ಮಾತಾಡಬೇಕು. ನಿಮ್ಮನ್ನು ಹೊರಗೆ ಕಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ, ಅದು ಒಳ್ಳೆಯ ಲಕ್ಷಣ. ಒಂದೇ ದಿನಕ್ಕೆ ವಾಸಿ ಮಾಡುತ್ತೇನೆ ಅಂದವರನ್ನು ಬಿಟ್ಟುಬಿಡಿ.” ಆಮೇಲೆ ಬಂಗಾರಪೇಟೆಯಲ್ಲಿ ಸ್ಟೇಷನ್ನಿನ ಹಿಂದೆ ಸಣ್ಣ ದವಾಖಾನೆ ಇಟ್ಟುಕೊಂಡಿದ್ದ ಒಬ್ಬ ಲೇಡಿ ಡಾಕ್ಟರ ವಿಳಾಸ ಬರೆದುಕೊಟ್ಟರು. ಆಕೆ ಹಲವು ವರ್ಷ ಆ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರಂತೆ. ಊರಲ್ಲಿ ಈಗ ಹೆರಿಗೆ, ನೆಗಡಿ, ಕೆಮ್ಮು ನೋಡುತ್ತಾರಂತೆ.

ಅಷ್ಟು ದಿನ ನಾನು ರೈಲು ಬದಲಾಯಿಸಲು ಇಳಿದು ಹತ್ತಿದ ಊರು ಅದು. ಆ ದವಾಖಾನೆಯ ಮುಂದೆ ಎಷ್ಟು ಸಲ ನಡೆದಿದ್ದೆನೋ.

ಶನಿವಾರ ಮಧ್ಯಾಹ್ನದ ರೈಲಿಗೆ ಹೊರಟೆವು, ಮಗಳನ್ನು ಎತ್ತಿಕೊಂಡ ಹೆಂಡತಿ, ನಾನು, ಕರೆಯದಿದ್ದರೂ ಬಂದ ಅವ್ವ. ಲೇಡಿ ಡಾಕ್ಟರು ಎತ್ತರದ, ನರೆಗೂದಲಿನ ಹೆಂಗಸು. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ವಾಕ್ಯದಲ್ಲಿ ಮಾತಾಡುತ್ತಿದ್ದರು. ಮಗಳನ್ನು ಬೆಂಚಿನ ಮೇಲೆ ಕೂರಿಸಿಕೊಂಡು, ಇಷ್ಟು ದಿನದಲ್ಲಿ ಎಲ್ಲಿಯಾದರೂ, ಯಾವತ್ತಾದರೂ ನಿಂತದ್ದುಂಟೇ ಎಂದು ಕೇಳಿದರು.

“ಇಲ್ಲ,” ಎಂದೆ.

ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ ಅವ್ವ, “ನಿಂತವ್ಳೆ ತಾಯೀ. ನಡುದವ್ಳೆ,” ಎಂದಳು.

“ಅವ್ವಾ, ನೀನು ಸುಮ್ನಿರು...”

“ಮೇಷ್ಟ್ರೇ, ಅವರು ಹೇಳಲಿ. ನಿಮ್ಮ ಕ್ಲಾಸಲ್ಲ ಇದು,” ಎಂದರು ಡಾಕ್ಟರು. ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳು ಎಂದು ಆಮೇಲೆ ಒಪ್ಪಿಕೊಂಡಳು.

ಅವ್ವ ಎಲ್ಲವನ್ನೂ ಹೇಳಿದಳು. ಹಳ್ಳಿಗೆ ಹೋದ ಎರಡನೆಯ ದಿನ ಮಗಳು ತಾನಾಗಿಯೇ ಇಳಿದದ್ದು, ಬಂಡೆಯ ಮೇಲೆ ರಾಗಿ ಒಣಗಿಸುವಾಗ ಹಕ್ಕಿ ಓಡಿಸಿದ್ದು, ಎಲ್ಲ. ಡಾಕ್ಟರು ದಾರದ ವಿಷಯಕ್ಕೂ ತಲೆಯಾಡಿಸಿದರು, ಹಕ್ಕಿಯ ವಿಷಯಕ್ಕೂ ತಲೆಯಾಡಿಸಿದರು. ಆಮೇಲೆ ಮಗಳ ಕಡೆ ತಿರುಗಿ, “ಹಿತ್ತಲಲ್ಲಿ ಸೀಬೆಮರ ಇದೆ, ನೋಡ್ತೀಯಾ?” ಎಂದರು.

ಮಗಳು ನೆಲ ನೋಡಿದಳು. “ಇಲ್ಲಿ ಕೆಳ್ಗೆ ಯಾರಾನ ಅವ್ರಾ?”

ನಾನಾಗಿದ್ದರೆ, ಕೆಳಗೆ ಯಾರಿರುತ್ತಾರೆ ಎಂದು ನಕ್ಕುಬಿಡುತ್ತಿದ್ದೆ. ಡಾಕ್ಟರು ನಗಲಿಲ್ಲ. ಅದು ಬಹಳ ಸರಿಯಾದ ಪ್ರಶ್ನೆಯೆಂಬಂತೆ ಸ್ವಲ್ಪ ಯೋಚಿಸಿ, “ಇಲ್ಲಮ್ಮ. ಇಲ್ಲಿ ಗಣಿ ಇಲ್ಲ. ಕೆಳಗೆ ಮಣ್ಣು, ಅದರ ಕೆಳಗೆ ಬಾವಿ ನೀರು. ಮನುಷ್ಯರು ಯಾರೂ ಇಲ್ಲ,” ಎಂದರು.

ಮಗಳು ಬೆಂಚಿನಿಂದ ಇಳಿದಳು. ಕಾಲು ನಡುಗಿತು, ಬೆಂಚು ಹಿಡಿದುಕೊಂಡಳು, ಆಮೇಲೆ ಡಾಕ್ಟರ ಸೀರೆ ಹಿಡಿದುಕೊಂಡು ಹಿತ್ತಲಿಗೆ ಹೋದಳು. ನಾವು ಮೂವರೂ ಹಿಂದೆ ಹೊರಟದ್ದನ್ನು ನೋಡಿ ಡಾಕ್ಟರು ಹಿತ್ತಲ ಬಾಗಿಲು ಮುಂದೆ ಮಾಡಿಕೊಂಡರು.

ಅವ್ವ ನನ್ನನ್ನು ನೋಡಲಿಲ್ಲ. ನಾನೂ ಅವಳನ್ನು ನೋಡುವ ಧೈರ್ಯ ಮಾಡಲಿಲ್ಲ. ಕ್ಷಮಿಸು ಎಂದೆನೆಂದು ನನ್ನ ನೆನಪು ಹೇಳುತ್ತದೆ. ಅಂಥದ್ದೇನೂ ಅನ್ನಲಿಲ್ಲ, ರೈಲಿನಲ್ಲಿ ಕಡಲೆಕಾಯಿ ಕೊಡಿಸಿದಿರಿ ಅಷ್ಟೆ ಎನ್ನುತ್ತಾಳೆ ಹೆಂಡತಿ.

ಆಮೇಲೆ ನಾಲ್ಕು ಶನಿವಾರ ಹೋದೆವು. ಬಂಗಾರಪೇಟೆಯ ಪ್ಲಾಟ್‌ಫಾರಂ ಮೇಲೆ ಮಗಳು ನಡೆಯುತ್ತಿದ್ದಳು, ಸಂಜೆ ನಮ್ಮ ಸ್ಟೇಷನ್ ಮಾರಿಕುಪ್ಪಂನಲ್ಲಿ ರೈಲು ನಿಂತೊಡನೆ ಕಾಲು ಮಡಚಿಕೊಳ್ಳುತ್ತಿದ್ದಳು. ಏನನ್ನೂ ಕೇಳಬೇಡಿ, ನಾನು ಕೇಳುತ್ತೇನೆ, ಅವಳು ಹೇಳುವಾಗ ಹೇಳುತ್ತಾಳೆ ಎಂದು ಡಾಕ್ಟರು ನಮಗೆ ಆಣೆ ಹಾಕಿದ್ದರು. ಶಾಲೆಯಲ್ಲಿ ಪ್ರಶ್ನೆ ಕೇಳುವುದೇ ಉದ್ಯೋಗವಾದವನಿಗೆ ಅದು ಕಠಿಣ ವ್ರತ. ಪ್ರತಿ ಸಲವೂ ನಾನು ಹೊರಜಗಲಿಯಲ್ಲಿ ಕೂತಿರುತ್ತಿದ್ದೆ. ಒಳಗಿನಿಂದ ಬಳಪ ಗೀರುವ ಸದ್ದು ಕೇಳುತ್ತಿತ್ತು, ಒಮ್ಮೊಮ್ಮೆ ನಗು. ಒಂದು ಸಲ ತಡೆಯಲಾರದೆ ಬಾಗಿಲು ತಟ್ಟಿ ಬೈಸಿಕೊಂಡೆ.

ನಾಲ್ಕನೆಯ ಶನಿವಾರ ಡಾಕ್ಟರು ನನ್ನನ್ನೂ ಹೆಂಡತಿಯನ್ನೂ ಒಳಗೆ ಕರೆದರು. ಮಗಳು ಹಿತ್ತಲಲ್ಲಿ ಅವ್ವನ ಜೊತೆ ಇದ್ದಳು.

“ನಿಮಗೆ ಹೇಳಬಹುದು ಅಂತ ಅವಳೇ ಒಪ್ಪಿದ್ದಾಳೆ. ತಾನು ಹೇಳಲ್ವಂತೆ,” ಎಂದು ಒಂದು ಸ್ಲೇಟನ್ನು ಮುಂದಿಟ್ಟರು. ನಾನು ಬರೆದು ತೋರಿಸಿದ್ದ ಚಿತ್ರವನ್ನೇ ಮಗಳು ಬರೆದಿದ್ದಳು. ಮೇಲೆ ಮನೆ, ಕೆಳಗೆ ಸುರಂಗ, ದೀಪ ಹಿಡಿದ ಒಬ್ಬನೇ ಮನುಷ್ಯ. ನಾನು ಬರೆಯದೆ ಇದ್ದದ್ದು ಒಂದಿತ್ತು. ಮನೆಯ ಮುಂದೆ ಕುಂಟೆಬಿಲ್ಲೆಯ ಚೌಕಗಳು, ಅದರೊಳಗೆ ಎರಡು ಕಾಲೂ ಊರಿ ನೆಗೆಯುತ್ತಿರುವ ಒಂದು ಹುಡುಗಿ.

ನೆಲ ಎಗರಿದ ಗಳಿಗೆಯಲ್ಲಿ ಅವಳು ಕುಂಟೆಬಿಲ್ಲೆ ಆಡುತ್ತಿದ್ದಳು. ಕೊನೆಯ ಮನೆಗೆ ಜೋರಾಗಿ ನೆಗೆದಿದ್ದಳು. ಆಮೇಲೆ ನಾನು ಸ್ಲೇಟಿನ ಮೇಲೆ, ನಮ್ಮ ಮನೆಯ ನೇರ ಕೆಳಗೆ ಮನುಷ್ಯರಿದ್ದಾರೆ ಎಂದು ತೋರಿಸಿದೆ. ತನ್ನ ಕಾಲಿನಿಂದಲೇ ಕಲ್ಲು ಬಿದ್ದು ಮಾಮ ಸತ್ತ ಎಂದು ಅವಳು ಲೆಕ್ಕ ಹಾಕಿದ್ದಳು. ಇನ್ನೊಂದು ಹೆಜ್ಜೆ ಇಟ್ಟರೆ ಇನ್ನೊಬ್ಬರು. ತನಗೆ ಏನೋ ಆದೀತೆಂದು ಅವಳು ಹೆದರಿರಲೇ ಇಲ್ಲ. ನಾಲ್ಕು ತಿಂಗಳು ಕಾಲು ಮಡಚಿಕೊಂಡು ಕೆಳಗಿದ್ದವರನ್ನು ಕಾಯುತ್ತಿದ್ದಳು.

“ಸತ್ತ ಅಂತ ಅವಳಿಗೆ ಯಾರು ಹೇಳಿದ್ದು?” ಎಂದಳು ಹೆಂಡತಿ.

“ಯಾರೂ ಹೇಳಿಲ್ಲ. ಅತ್ತೆ ಕೈಲಿ ಬಳೆ ಇಲ್ಲ ಅಂದಳು.”

ನಾನು ಎದ್ದೆ. ಮನೆಗೆ ಹೋದ ಕೂಡಲೇ ಎಲ್ಲ ವಿವರಿಸುತ್ತೇನೆ, ಸಾವಿರಾರು ಅಡಿ ಕಲ್ಲು, ಒಂದು ಮಗುವಿನ ತೂಕ ಎಂದೆಲ್ಲ ಹೇಳತೊಡಗಿದೆ.

“ವಿವರಿಸ್ತೀರಿ, ಗೊತ್ತು. ಸ್ಲೇಟು ಇಟ್ಟುಕೊಂಡೇ ವಿವರಿಸ್ತೀರಿ,” ಎಂದರು ಡಾಕ್ಟರು. ಆದರೆ ದನಿ ಮೆತ್ತಗಿತ್ತು. “ಮೇಷ್ಟ್ರೇ, ನೀವು ಹೇಳಿದ್ದು ತಪ್ಪಲ್ಲ. ಅರ್ಧ ಹೇಳಿದ್ರಿ. ಉಳಿದ ಅರ್ಧಕ್ಕೆ ಸುಳ್ಳು ಹೇಳಿದ್ರಿ. ಮೊದಲು ಅದನ್ನ ಒಪ್ಕೊಳ್ಳಿ. ಆಮೇಲೆ ಅವಳು ನಂಬೋದಾದರೆ ಒಬ್ಬರನ್ನೇ ನಂಬ್ತಾಳೆ. ಅವರು ನಿಮ್ಮ ಪಕ್ಕದ ಮನೆಯಲ್ಲಿದ್ದಾರೆ.”

ವಾಪಸು ರೈಲಿನಲ್ಲಿ, ಮಗಳ ಪಕ್ಕದಲ್ಲಿ ಕೂತು ಹೇಳಿದೆ: “ಮಾಮ ಊರಿಗೆ ಹೋಗಿಲ್ಲಮ್ಮ. ಸತ್ತುಹೋದರು. ನಾವು ಸುಳ್ಳು ಹೇಳಿದೆವು.”

“ಗೊತ್ತು,” ಎಂದಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ಕೈ ಚಾಚಿದಳು. ಅಂದು ಸ್ಟೇಷನ್ನಿನಿಂದ ಮನೆಯವರೆಗೆ ಅವಳನ್ನು ಎತ್ತಿಕೊಂಡವನು ನಾನು.

ಪಕ್ಕದ ಮನೆಯವಳನ್ನು ಕೇಳುವುದು ಹೇಗೆ? ಗಂಡ ಸತ್ತು ನಾಲ್ಕು ತಿಂಗಳಾದ ಹೆಂಗಸಿನ ಮುಂದೆ ಹೋಗಿ, ನಿನ್ನ ಗಂಡನ ಸಾವು ನನ್ನ ಮಗಳಿಂದ ಆದದ್ದಲ್ಲ ಎಂದು ಬಂದು ಹೇಳು ಎನ್ನುವುದೇ? ನಾಲ್ಕು ಥರದ ಮಾತು ಮನಸ್ಸಿನಲ್ಲೇ ಕಟ್ಟಿ ಕೆಡವಿದೆ. “ನೀವು ಸುಮ್ಕಿರಿ. ನೀವೋದ್ರೆ ಪೀಠಿಕೆನೇ ಒಂದು ಗಂಟೆ,” ಎಂದು ಹೆಂಡತಿ ಭಾನುವಾರ ಬೆಳಿಗ್ಗೆ ತಾನೇ ಹೋದಳು. ಹತ್ತು ನಿಮಿಷಕ್ಕೆ ಅವಳ ಹಿಂದೆಯೇ ಪಕ್ಕದ ಮನೆಯವಳು ಬಂದಳು. ನನ್ನನ್ನು ಅವಳು ವಾದ್ಯಾರಣ್ಣ ಎನ್ನುತ್ತಿದ್ದಳು, ಅವರ ಮಾತಿನಲ್ಲಿ ಮೇಷ್ಟ್ರಿಗೆ ವಾದ್ಯಾರು, ಮುದ್ದಿನ ಮಗುವಿಗೆ ಕಣ್ಣು. ಅಂದು ನನ್ನನ್ನು ಏನೂ ಅನ್ನದೆ ನೇರ ಹೋಗಿ ಮಂಚದ ಮೇಲೆ ಮಗಳ ಪಕ್ಕ ಕೂತಳು.

“ಏನ್ ಕಣ್ಣು, ನೀನು ಕುಣಿದ್ದಕ್ಕೆ ಮಾಮ ಹೋದ್ರಾ?”

ಮಗಳು ತಲೆ ಬಗ್ಗಿಸಿದಳು.

“ಅಯ್ಯೋ. ನಾನು ನನ್ನಿಂದ ಹೋದ್ರು ಅಂತ ಇದ್ದೆ.”

ಮಗಳು ತಲೆ ಎತ್ತಿದಳು. ನನ್ನ ಹೆಂಡತಿಯೂ. ಈ ಮಾತು ಅವಳಿಗೂ ಹೊಸದು.

“ಅವತ್ತು ಬೆಳಿಗ್ಗೆ ಜಗಳ. ಸಾರು ಸಪ್ಪೆ ಅಂದ್ರು, ಕೋಪ ಬಂತು. ಊಟದ ಡಬ್ಬಿ ಕೊಡಲೇ ಇಲ್ಲ. ಹೋಗು ಅಂದೆ. ಹಸ್ಕೊಂಡೇ ಕೆಳಗೆ ಇಳಿದ್ರು. ಹಂಗೆ ಕಳಿಸಿದ್ದಕ್ಕೇ ಕಲ್ಲು ಬಿತ್ತು ಅಂತ.”

“ಅನ್ನ ಕೊಡ್ದಿದ್ರೆ ಕಲ್ಲು ಬೀಳ್ತದಾ ಅತ್ತೆ?”

“ಬೀಳಲ್ವಾ?”

“ಕಲ್ಗೆ ಎಂಗ್ ಗೊತ್ತಾಗ್ತೈತೆ, ನೀನು ಅನ್ನ ಕೊಟ್ಯೋ ಇಲ್ವೋ ಅಂತ?”

“ನೀನು ಕುಣಿದದ್ದು ಹೆಂಗೆ ಗೊತ್ತಾಯ್ತು ಹಂಗಾದ್ರೆ?”

“ಕುಣುದ್ರೆ ಸದ್ದಾಗ್ತದಲ್ಲ.” ನನ್ನ ಮಗಳು ಅಷ್ಟು ಸುಲಭವಾಗಿ ಸೋಲುವವಳಲ್ಲ.

“ಪಕ್ಕದ ಮನೇಲಿದ್ದೆ ನಾನು. ಈ ಗೋಡೆ ಆಚೆ. ನಂಗೇ ಕೇಳಿಸ್ಲಿಲ್ಲ ಕಣ್ಣು. ಅವರಿಗೆ ಎಲ್ಲಿ ಕೇಳಿಸುತ್ತೆ?” ಎಂದಳು ಆಕೆ. ಹೇಳುತ್ತ ಹೇಳುತ್ತ ಅಳತೊಡಗಿದಳು. ಮಗಳು ಅವಳ ಬರಿಗೈ ಹಿಡಿದುಕೊಂಡು ಕೂತಳು. ನಾನು ಏನಾದರೂ ಹೇಳಲು ಬಾಯಿ ತೆರೆದಿರಬೇಕು. ಹೆಂಡತಿ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದಳು.

ಅಂದು ಮಗಳು ಮಂಚದಿಂದ ಇಳಿಯಲಿಲ್ಲ. ಕಥೆಗಳಲ್ಲಾದರೆ ಇಳಿಯುತ್ತಿದ್ದಳು. ಗೋಡೆ ಹಿಡಿದು ಅಡುಗೆಮನೆಯವರೆಗೆ ನಡೆದದ್ದು ಎರಡು ವಾರದ ಮೇಲೆ. ಅಂಗಳಕ್ಕೆ ಇಳಿದದ್ದು ಇನ್ನೂ ತಡವಾಗಿ. ಮುಂದೆ ಹಲವು ತಿಂಗಳು, ನೆಲ ಸ್ವಲ್ಪ ಅದುರಿದರೂ ಓಡಿಬಂದು ಮಂಚ ಹತ್ತುತ್ತಿದ್ದಳು. ಲೇಡಿ ಡಾಕ್ಟರು ಮೊದಲೇ ಹೇಳಿದ್ದರು, ಹೀಗೆಲ್ಲ ಆಗುತ್ತದೆ, ಲೆಕ್ಕ ಇಡಬೇಡಿ ಎಂದು.

ಆದರೆ ಆ ಭಾನುವಾರ ಪಕ್ಕದ ಮನೆಯವಳು ಹೊರಡುವಾಗ ಹೊಸ್ತಿಲಲ್ಲಿ ನಿಂತಳು. ಕೇಳಿದ್ದು ನನ್ನನ್ನಲ್ಲ, ನನ್ನ ಹೆಂಡತಿಯನ್ನು.

“ಅಕ್ಕಾ, ಆ ಡಾಕ್ಟರಮ್ಮ ದೊಡ್ಡೋರನ್ನೂ ನೋಡ್ತಾರಾ?”

“ಯಾಕೆ ನೋಡಲ್ಲ? ಶನಿವಾರ ಬಾ ನಮ್ಮ ಜೊತೇಲಿ.”

ಮುಂದಿನ ಶನಿವಾರ ಅವ್ವ ಹಳ್ಳಿಯಲ್ಲಿದ್ದಳು. ಹೆಂಡತಿಗೆ ಜ್ವರ. ಮಗಳನ್ನು ಎತ್ತಿಕೊಂಡು ನಾನು, ಪಕ್ಕದಲ್ಲಿ ಆಕೆ, ಮೂವರೂ ರೈಲು ಹತ್ತಿದೆವು. ಗಂಡ ಸತ್ತ ಮೇಲೆ ಆಕೆ ಬೀದಿ ದಾಟಿ ಬಂದದ್ದು ಅದೇ ಮೊದಲು. ಬಂಗಾರಪೇಟೆ ಬರುತ್ತಿದ್ದಂತೆ ಆಕೆ, ನಾನು ಸ್ಟೇಷನ್ನಿನಲ್ಲೇ ಕೂತಿರುತ್ತೇನೆ, ನೀವು ಹೋಗಿ ಬನ್ನಿ ಎಂದಳು. ಮಗಳು ನನ್ನ ತೊಡೆಯಿಂದ ಜಾರಿ ಇಳಿದು ಅವಳ ಕೈ ಹಿಡಿದಳು. “ಬಾ ಅತ್ತೆ. ದಾರಿ ನಂಗ್ ಗೊತ್ತು. ಸೂಜಿ ಚುಚ್ಚಲ್ಲ.”

ಅವರಿಬ್ಬರೂ ಮುಂದೆ, ನಾನು ಹಿಂದೆ. ಡಾಕ್ಟರು ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದರು, ಏನೂ ಕೇಳಲಿಲ್ಲ, ಮೊದಲು ಆಕೆಯನ್ನು ಒಳಗೆ ಕರೆದುಕೊಂಡು ಬಾಗಿಲು ಮುಚ್ಚಿಕೊಂಡರು. ಜಗಲಿಯ ಮೇಲೆ ನಾನು ಮತ್ತು ಮಗಳು. ಒಂದು ಗೂಡ್ಸ್ ಗಾಡಿ ಹೋಯಿತು. ಇನ್ನೊಂದು ಹೋಯಿತು. ಒಳಗಿನಿಂದ ಸದ್ದೇ ಇರಲಿಲ್ಲ. ನಾನು ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದೆ.

“ಅಪ್ಪಾ, ಸುಮ್ಕೆ ಕೂತ್ಕೋ,” ಎಂದಳು ಮಗಳು, ಜಗಲಿಯ ಕೆಳಗೆ ಇರುವೆಗಳನ್ನು ನೋಡುತ್ತ. “ನಂಗೂ ಹೊತ್ತಾಗಿತ್ತು.”